ನಾಲ್ಕು ಮೆಟ್ಟಿಲು ಕೆಳಗೆ

ನಾನು ಬೇಸ್ ಗಿಟಾರ್ ಕಲಿತದ್ದು ವಿದ್ಯುತ್ ಉಪಕೇಂದ್ರದಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಕೊತ್ತತ್ತಿ ಕಡೆಯ ಗದ್ದೆಗಳ ನಡುವೆ ಇದ್ದ ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಸದಾ ಒಂದೇ ಸ್ವರ ಹಿಡಿದು ಗುಂಯ್‌ಗುಡುತ್ತಿತ್ತು. ಹೊತ್ತು ಹೊತ್ತಿಗೆ ಮೀಟರ್ ನೋಡಿ ಬರೆಯಬೇಕು, ಎಣ್ಣೆಯ ಮಟ್ಟ ನೋಡಬೇಕು. ಅದಕ್ಕೂ ಮೊದಲು, ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಬೇಸ್ ನನಗೆ ಬೇಗ ಒಗ್ಗಿತು. ಹಾಡಿನ ತಳದಲ್ಲಿ ದಪ್ಪ ಸ್ವರ ಹಿಡಿದಿರುವ ಅದೂ ಒಂದು ಬಗೆಯ ಪಾಳಿಯ ಕೆಲಸ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರಬೇಕು, ಅಷ್ಟೆ.

ನಿವೃತ್ತಿಯ ನಂತರವೂ ಕ್ರಮ ಬದಲಾಗಲಿಲ್ಲ. ಬೆಳಿಗ್ಗೆ ನಡೆದು ಬಂದು ಕಾಫಿ ಕುಡಿದ ಮೇಲೆ ಅಭ್ಯಾಸ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸುತ್ತೇನೆ. ವೈರನ್ನು ಮೊಣಕೈಗೆ ಸುತ್ತುವವರನ್ನು ಕಂಡರೆ ನನಗೆ ಆಗುವುದಿಲ್ಲ, ಒಳಗಿನ ತಾಮ್ರ ಮುರಿಯುತ್ತದೆ. ಯಾವ ವೇದಿಕೆಗೆ ಹೋದರೂ ಮೊದಲು ಟೆಸ್ಟರ್ ಹಿಡಿದು ಕರೆಂಟು, ಅರ್ಥಿಂಗು ನೋಡಿಯೇ ಆಂಪ್ಲಿಫೈಯರ್ ಹಚ್ಚುವುದು. ಹೊಸಬರು ದುಬಾರಿ ಗಿಟಾರಿನ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಒಳ್ಳೆಯ ತಂತಿ, ಕರಕರ ಎನ್ನದ ವೈರು, ಗಿಟಾರಿಗೆ ನೆಟ್ಟಗಿರುವ ಕತ್ತು ಇದ್ದರೆ ಸಾಕು, ಉಳಿದದ್ದೆಲ್ಲ ಬೆರಳಿನದು. ಬೇಸ್‌ಗೆ ನಾಲ್ಕು ತಂತಿ ಧಾರಾಳ ಎಂದೂ ನಾನು ಬಹಳ ವರ್ಷ ವಾದಿಸಿದ್ದೆ. ಒಮ್ಮೆ ಸೋಮನಹಳ್ಳಿಯ ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ಹತ್ತಿರ ಬಂದು, "ಗಿಟಾರ್‌ಗೆ ಆರು ಇರ್ತವಲ್ಲ ಸಾ, ಎರಡು ಕಿತ್ತೋದ್ವಾ?" ಎಂದು ಕನಿಕರದಿಂದ ಕೇಳಿದ್ದರು.

ನಮ್ಮದು ಹವ್ಯಾಸಿ ಆರ್ಕೆಸ್ಟ್ರಾ. ಮದ್ದೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಗೆಳೆಯ ಕೀಬೋರ್ಡ್ ನುಡಿಸುತ್ತಾನೆ. ಅವನ ಅಂಗಡಿಯ ಮೇಲಿನ ಕೋಣೆಯಲ್ಲೇ ಭಾನುವಾರದ ಅಭ್ಯಾಸ. ಮಂಡ್ಯದ ಒಬ್ಬ ಕಾರ್ ಮೆಕ್ಯಾನಿಕ್ ಡ್ರಮ್ ಪ್ಯಾಡ್ ಬಾರಿಸುತ್ತಾನೆ. ಹಾಡುವವರು ಮಳವಳ್ಳಿಯ ಒಬ್ಬ ನಿವೃತ್ತ ನರ್ಸು. ನನಗಿಂತ ಸ್ವಲ್ಪ ಚಿಕ್ಕವರು. ಉಳಿದಿಬ್ಬರೂ ಆಕೆಯನ್ನು ಅಕ್ಕ ಎನ್ನುತ್ತಾರೆ, ಆಕೆ ನನ್ನನ್ನು ಅಣ್ಣ ಎನ್ನುತ್ತಾರೆ.

ಆಕೆಗೆ ಥೈರಾಯ್ಡ್ ಆಪರೇಷನ್ ಆಯಿತು. ಧ್ವನಿ ನಿಧಾನವಾಗಿ ಮರಳಿತು, ಆದರೆ ಮೊದಲಿನ ಎತ್ತರಕ್ಕೆ ಹೋಗುತ್ತಿರಲಿಲ್ಲ. ಅವರ ಬೀದಿಯಲ್ಲಿ ಬುದ್ಧ ಪೂರ್ಣಿಮೆಗೆ ಪ್ರತಿವರ್ಷ ಕಾರ್ಯಕ್ರಮ ನಡೆಯುತ್ತದೆ, ಆಕೆ ಅಲ್ಲಿ ಹಾಡದ ವರ್ಷವೇ ಇರಲಿಲ್ಲ. ಆಪರೇಷನ್ ಆದ ವರ್ಷ ಮಾತ್ರ ಕೆಳಗೆ ಕುರ್ಚಿಯಲ್ಲಿ ಕೂತು ಕೇಳಿದರು. ಮರುವರ್ಷ ಹಬ್ಬ ಹತ್ತಿರ ಬಂದಾಗ ಅಭ್ಯಾಸಕ್ಕೆ ಬಂದು ಬ್ಯಾಗು ಕೆಳಗಿಟ್ಟವರೇ ಹೇಳಿದರು.

"ಈ ಸಲ ನಮ್ ಬೀದೀಲಿ ಒಂದ್ ಹಾಡು ಹಾಡ್ತೀನಿ. ಆಗ್ನಿಲ್ಲ ಅಂದ್ರೆ ಹಾಡೋದ್ನೇ ಅಲ್ಲಿಗೆ ನಿಲ್ಸಿಬುಡ್ತೀನಿ ಅಣ್ಣ. ಪಾಪ ಅಂತ ಕೇಳೋರ ಮುಂದೆ ಹಾಡಕ್ಕೆ ನಂಗಾಗಕಿಲ್ಲ."

ಆರ್ಕೆಸ್ಟ್ರಾದವರಿಗೆ ಒಂದು ಹಟ ಉಂಟು. ಹಾಡು ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೇ, ಅದೇ ಶ್ರುತಿಯಲ್ಲೇ ಬರಬೇಕು. ಶ್ರುತಿ ಇಳಿಸಿದರೆ ತಂಡಕ್ಕೇ ಅವಮಾನ. ಹಾಡುವವರು ಸೋತರೆ ಕೀಬೋರ್ಡಿನವನು ಅದೇ ರಾಗವನ್ನು ಜೋರಾಗಿ ನುಡಿಸಿ ಮರೆಮಾಡುತ್ತಾನೆ.

"ಕ್ಯಾಸೆಟ್ ಸ್ಕೇಲ್‌ನಲ್ಲೇ ಬುಡಿ ಅಕ್ಕ. ಮೇಲಕ್ಕೋದಾಗ ನಾನು ಮುಚ್ಚಾಕ್ತೀನಿ" ಎಂದ ಗೆಳೆಯ.

"ಮುಚ್ಚಾಕಕ್ಕೆ ನಾನೇನ್ ಸಾರಿನ್ ಪಾತ್ರೆ ಏನ್ಲಾ?"

"ಅಂಗಲ್ಲ ಕಣಕ್ಕ. ಇಳ್ಸಿದ್ರೆ ಜನ ಏನಂದಾರು?"

"ಜನ ಶ್ರುತಿ ಅಳೆಯೋ ಟ್ಯೂನರ್ ಇಟ್ಕೊಂಡು ಕೂತಿರ್ತಾರೇನಪ್ಪ? ಇಳಿಸು" ಎಂದೆ ನಾನು.

ಶ್ರುತಿಯನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋದೆವು. ನಾಲ್ಕನೆಯದಕ್ಕೆ ಆಕೆಯ ಭುಜ ಸಡಿಲವಾಯಿತು, ಹಾಡು ಸಲೀಸಾಗಿ ಬಂತು. ಕೀಬೋರ್ಡಿನಲ್ಲಿ ಇದಕ್ಕೊಂದು ಗುಂಡಿ ಇದೆ. ಅದನ್ನು ಒತ್ತಿದರೆ ಬೆರಳು ಹಳೆಯ ಜಾಗದಲ್ಲೇ ಓಡುತ್ತದೆ, ಸದ್ದು ಮಾತ್ರ ಕೆಳಗಿಳಿಯುತ್ತದೆ. ಬೇಸ್‌ಗೆ ಅಂಥ ಗುಂಡಿ ಇಲ್ಲ, ಕೈಯನ್ನೇ ಸರಿಸಬೇಕು. ಆಗಲೇ ನನ್ನ ತೊಂದರೆ ಶುರುವಾದದ್ದು. ಹಾಡಿನ ಆಧಾರ ಸ್ವರ ಈಗ 'ಡಿ'ಗೆ ಬಂದಿತ್ತು. ನಾಲ್ಕು ತಂತಿಯ ಬೇಸಿನಲ್ಲಿ ಆ ಆಳದ ಡಿ ಇಲ್ಲ, ಅದು ಕೊನೆಯ ತಂತಿಯ ಸ್ವರಕ್ಕಿಂತಲೂ ಕೆಳಗೆ. ಮೇಲಿನ ಡಿ ನುಡಿಸಿದೆ.

ಆಕೆ ಹಾಡು ನಿಲ್ಲಿಸಿದರು. "ಅಣ್ಣ, ನೀವು ನನ್ ಪಕ್ಕದಲ್ಲೇ ಬಂದು ನಿಂತ್ಕಂಡಂಗಾಯ್ತದೆ. ಇನ್ನೊಸಿ ಕೆಳಕ್ಕೋಗಿ."

ಹೇಳಿದ್ದು ಸರಿಯಾಗಿತ್ತು. ಆಕೆಯ ಧ್ವನಿ ತಗ್ಗಿತ್ತು, ನಾನೂ ತಗ್ಗದಿದ್ದರೆ ಇಬ್ಬರಿಗೂ ಜಾಗ ಸಾಲದು. ಮನೆಗೆ ಬಂದು ಕೊನೆಯ ತಂತಿಯನ್ನೇ ಸಡಿಲಿಸಿ ನೋಡಿದೆ. ಅದು ಜೋತುಬಿದ್ದು ಪಟಪಟ ಬಡಿಯಿತು. ಎರಡು ವಾರ ಬಗೆಬಗೆಯ ದಪ್ಪದ ತಂತಿ ಹಾಕಿ ತೆಗೆದೆ. ಕೊನೆಗೆ ಮೈಸೂರಿಗೆ ಹೋಗಿ ಒಬ್ಬರು ಬಳಸಿದ್ದ ಐದು ತಂತಿಯ ಬೇಸ್ ತಂದೆ. ಕತ್ತು ಅಗಲ, ಭಾರವೂ ಹೆಚ್ಚು. ನನ್ನ ಹೆಬ್ಬೆರಳಿಗೆ ಅದರ ಅಳತೆ ಹತ್ತಲು ದಿನಗಳು ಹಿಡಿದವು. ಅಭ್ಯಾಸಕ್ಕೆ ಒಯ್ದಾಗ ಗೆಳೆಯ ತಂತಿಗಳನ್ನು ಎಣಿಸಿ, "ಏನಣ್ಣ, ನಾಲ್ಕೇ ಧಾರಾಳ ಅಂತಿದ್ರಿ" ಎಂದ. ನಾನು ಆಳದ ಡಿ ಒತ್ತಿದೆ. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಆಕೆ ತಲೆಯಾಡಿಸಿ ಹಾಡತೊಡಗಿದರು.

ಹಬ್ಬದ ಸಂಜೆ ಬಿಸಿಲಿರುವಾಗಲೇ ಮಳವಳ್ಳಿ ತಲುಪಿ ವೈರು ನೋಡಿ, ಶ್ರುತಿ ಮಾಡಿ ಕುಳಿತೆ. ಬುದ್ಧವಂದನೆ, ಭಾಷಣ ಮುಗಿದವು. ಮೊದಲು ಗೆಳೆಯ ತಾನೇ ಒಂದು ಹಾಡು ಹಾಡಿದ. ಆಮೇಲೆ ಆಕೆಯ ಸರದಿ. ಆಕೆ ಮೈಕ್ ಹಿಡಿದು ಬೀದಿಯವರಿಗೆ ಕೈಮುಗಿದರು, ಪ್ಯಾಡ್ ಶುರುವಾಯಿತು, ಹಿಂದೆಯೇ ಕೀಬೋರ್ಡಿನ ಮುನ್ನುಡಿ.

ಮೊದಲ ಸ್ವರಕ್ಕೇ ನನಗೆ ತಿಳಿಯಿತು. ಗೆಳೆಯ ಗುಂಡಿ ಒತ್ತುವುದನ್ನು ಮರೆತಿದ್ದ. ಹಾಡು ಹಳೆಯ ಎತ್ತರದಲ್ಲೇ ಹೊರಟಿತ್ತು. ಆಕೆಗೂ ತಿಳಿಯಿತು. ಎಡಗೈ ಕತ್ತಿನ ಗಾಯದ ಗುರುತಿನ ಮೇಲೆ ಹೋಯಿತು.

ಶುರುವಾದ ಹಾಡನ್ನು ವೇದಿಕೆಯಲ್ಲಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಕೀಬೋರ್ಡ್ ಎಲ್ಲಿಗೆ ಹೋದರೆ ಬೇಸೂ ಅಲ್ಲಿಗೆ ಹೋಗಬೇಕು, ನನ್ನ ಕೈಗೆ ಅಭ್ಯಾಸವಾಗಿದ್ದೂ ಅದೇ. ನಾನು ಬೆರಳು ಸರಿಸಿದ್ದರೆ ಕೇಳುವವರಿಗೆ ಯಾವ ತಪ್ಪೂ ತಿಳಿಯುತ್ತಿರಲಿಲ್ಲ. ಚರಣದಲ್ಲಿ ಧ್ವನಿ ಒಡೆಯುವುದು ಆಕೆಯದು ಮಾತ್ರ.

ನಾನು ಬೆರಳು ಸರಿಸಲಿಲ್ಲ. ಆಳದ ಡಿ ಒತ್ತಿ, ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಎರಡು ಶ್ರುತಿ ಡಿಕ್ಕಿ ಹೊಡೆದು ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ತಪ್ಪಿದ್ದು ನಾನೇ ಎಂದುಕೊಂಡು ಗೆಳೆಯ ಕಣ್ಣು ಬಿಟ್ಟ. ನಾನು ಮತ್ತೆ ಅದನ್ನೇ ಒತ್ತಿದೆ. ಆಕೆ ಹೆಬ್ಬೆರಳನ್ನು ಕೆಳಗೆ ತೋರಿಸಿದರು. ಆಗ ಅವನಿಗೆ ಹೊಳೆಯಿತು, ಕೀಬೋರ್ಡಿನಿಂದ ಎರಡೂ ಕೈ ಎತ್ತಿಬಿಟ್ಟ.

ಪ್ಯಾಡಿನ ತಾಳ, ಅದರ ಕೆಳಗೆ ನನ್ನದೊಂದು ಸ್ವರ. ಬೇರೆ ಏನೂ ಇಲ್ಲ. ಆಕೆ ಕಣ್ಣುಮುಚ್ಚಿ ಒಂದು ಸುತ್ತು ಕೇಳಿಸಿಕೊಂಡರು, ಆ ಸ್ವರದಿಂದಲೇ ಹಾಡು ಎತ್ತಿದರು. ಎರಡನೆಯ ಸಾಲಿಗೆ ಕೀಬೋರ್ಡ್ ತಗ್ಗಿದ ಶ್ರುತಿಯಲ್ಲಿ ಮೆಲ್ಲಗೆ ಬಂದು ಸೇರಿತು. ಚರಣದ ಎತ್ತರದ ಸಾಲಿನಲ್ಲಿ ಧ್ವನಿ ಮೊದಲಿನಷ್ಟು ನುಣುಪಾಗಿರಲಿಲ್ಲ, ಸ್ವಲ್ಪ ಮರಳು ಇತ್ತು. ಆದರೆ ಒಡೆಯಲಿಲ್ಲ. ಮುಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸಿ ಕೇಳಿದರು.

ಚಪ್ಪಾಳೆಯ ನಡುವೆ ಗೆಳೆಯ ಬಾಗಿ, "ತೆಪ್ಪಾಗೋಯ್ತು ಕಣಕ್ಕ, ಬಟನ್ ಮರ್ತೋಯ್ತು" ಎಂದ.

"ಒಳ್ಳೇದೇ ಆಯ್ತು ಬುಡ್ಲಾ. ನೀನಿಲ್ದೆನೂ ಹಾಡ್ಬೋದು ಅಂತ ಗೊತ್ತಾಯ್ತು."

ಆಕೆ ಫ್ಲಾಸ್ಕಿನಿಂದ ಬಿಸಿನೀರು ಕುಡಿದರು. ಕೆಳಗಿಳಿಯುತ್ತಾರೆಂದು ಮೆಟ್ಟಿಲಿನ ಹತ್ತಿರದಿಂದ ನನ್ನ ವೈರನ್ನು ಎಳೆದುಕೊಂಡು ದಾರಿ ಬಿಟ್ಟೆ. ಆಕೆ ಇಳಿಯಲಿಲ್ಲ. ಬಹಳ ಹಳೆಯ ಹಾಡೊಂದರ ಹೆಸರು ಹೇಳಿದರು.

"ಅದು ಪ್ರಾಕ್ಟೀಸ್ ಮಾಡಿಲ್ವಲ್ಲಕ್ಕ" ಎಂದ ಗೆಳೆಯ.

ಅಭ್ಯಾಸ ಮಾಡದ ಹಾಡನ್ನು ನಾನು ಯಾವತ್ತೂ ವೇದಿಕೆಯಲ್ಲಿ ನುಡಿಸಿದವನಲ್ಲ. ಆಕೆ ನನ್ನ ಕಡೆ ತಿರುಗಿದರು.

"ಮೊದಲು ನೀವು ಗುನುಗಿ. ಎಲ್ಲಿ ಸಲೀಸು ಅಂತ ನೋಡೋಣ" ಎಂದೆ.

ಮೈಕನ್ನು ದೂರ ಹಿಡಿದು ಆಕೆ ಮೆಲ್ಲಗೆ ಗುನುಗಿದರು. ಅದೆಲ್ಲಿ ಕೂರುತ್ತದೆಂದು ನಾನು ಐದನೆಯ ತಂತಿಯ ಮೇಲೆ ಬೆರಳಿಟ್ಟು ಹುಡುಕತೊಡಗಿದೆ.