ನಾಲ್ಕು ಗಂಟೆಗೆ ಎಬ್ಬಿಸಿದವಳು

ದೆವ್ವ, ಶಕುನ, ಇವನ್ನೆಲ್ಲ ನಾನು ನಂಬಿದವಳಲ್ಲ. ನರ್ಸ್ ಆಗಿ ಎಷ್ಟೋ ವರ್ಷ ರಾತ್ರಿ ಪಾಳಿ ಮಾಡಿದ್ದೇನೆ, ಹೆಣದ ಪಕ್ಕದ ಕೋಣೆಯಲ್ಲಿ ಕೂತು ಚಹಾ ಕುಡಿದಿದ್ದೇನೆ. ಈಗಲೂ ನಂಬುತ್ತೇನೆ ಅನ್ನಲಾರೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ದಿಲ್ಲಿಯ ಒಂದು ಆಸ್ಪತ್ರೆಯಿಂದ ಸಂದರ್ಶನಕ್ಕೆ ಕರೆ ಬಂತು. ಅಗ್ಗದ ಟಿಕೆಟ್ ಸಿಕ್ಕಿದ್ದು ಹೈದರಾಬಾದಿನಿಂದ, ಬೆಳಗಿನ ಆರರ ವಿಮಾನಕ್ಕೆ. ಹಿಂದಿನ ದಿನವೇ ಹೋಗಿ ವಿಮಾನ ನಿಲ್ದಾಣದಲ್ಲೇ ಮಲಗಿದರೆ ಲಾಡ್ಜಿನ ಖರ್ಚು ಉಳಿಯುತ್ತದೆ ಅಂದುಕೊಂಡೆ. ಮಸ್ಕಿಯ ನಮ್ಮ ಮನೆಯಲ್ಲಿ ಸೋದರಮಾವ ಸಿಡುಕಿದ.

"ಹೆಣ್ಣುಮಗಳು ಒಬ್ಬಾಕಿನ ಅಲ್ಲಿ ಮಲಗ್ತೀಯೇನು? ತಮ್ಮನ್ನ ಕರಕೊಂಡು ಹೋಗು."

"ಅಲ್ಲಿ ಲೈಟ್ ಐತಿ, ಪೊಲೀಸರು ಇರ್ತಾರ, ಸಂಡಾಸ ಸ್ವಚ್ಛ ಐತಿ. ನಮ್ಮ ಬಸ್ ಸ್ಟ್ಯಾಂಡಿಗಿಂತ ಚಲೋ," ಅಂದೆ.

ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಬೆಳಿಗ್ಗೆಯೇ ಸಿಂಧನೂರಿಗೆ ಬಂದು ಹೈದರಾಬಾದ್ ಬಸ್ ಹತ್ತಿದೆ.

ನಿಲ್ದಾಣದಲ್ಲಿ ಕಂಬದ ಮರೆಗೆ ಮೂರು ಕುರ್ಚಿ ಹಿಡಿದು ಮಲಗಿದೆ. ನಾಲ್ಕಕ್ಕೆ ಅಲಾರಂ ಇಟ್ಟು ಫೋನನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದೆ. ಸ್ವಿಚ್ ಒತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಫೋನ್ ಪೂರ್ತಿ ಆರಿಹೋಗಿತ್ತು.

ಯಾರೋ ಭುಜ ಅಲುಗಿಸಿದರು. ನನ್ನದೇ ವಯಸ್ಸಿನ ಗಾರ್ಡ್ ಹೆಂಗಸು. "ನಾಲ್ಕಾಯಿತು, ಏಳಿ," ಅಂದಳು ಹಿಂದಿಯಲ್ಲಿ. "ನಿಮ್ಮ ತಾಯಿ ಎಬ್ಬಿಸಲು ಹೇಳಿ ಹೋದರು."

ನನ್ನ ಜೊತೆ ಯಾರೂ ಬಂದಿಲ್ಲ ಅಂದೆ.

"ಅವರ ಭಾಷೆ ನನಗೆ ತಿಳಿಯಲಿಲ್ಲ. ನಿಮ್ಮ ಕಡೆ ಕೈಮಾಡಿ ನಾಲ್ಕು ಬೆರಳು ತೋರಿಸಿದರು. ಹೆಬ್ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿತ್ತು."

ನಾನು ಮನೆಯಿಂದ ಹೊರಟಾಗ ಅವ್ವನ ಬೆರಳಿಗೆ ಏನೂ ಆಗಿರಲಿಲ್ಲ. ಯಾರೋ ಹೆಂಗಸು ತನ್ನ ಮಗಳೆಂದು ನನ್ನನ್ನು ತೋರಿಸಿರಬೇಕು ಅಂದುಕೊಂಡು ಓಡಿದೆ. ಗೇಟಿನ ಹತ್ತಿರ ಫೋನಿಗೆ ಜೀವ ಬಂದ ಮೇಲೆ ಅವ್ವನಿಗೆ ಮಾಡಿದೆ. ಮಾತಿನ ನಡುವೆ ಕೇಳಿದೆ, "ಹೆಬ್ಬಟ್ಟಿಗೆ ಏನರ ಆಗೈತೇನವ್ವ?"

"ನೀ ಹೋದಮ್ಯಾಗ, ಸಂಜೀಕ ಈಳಿಗಿ ತಾಕೇತಿ. ನಿನಗ್ಯಾರು ಹೇಳಿದ್ರು?"

"ರಾತ್ರಿ ಎಲ್ಲಿದ್ದಿ?"

"ಎಲ್ಲಿರ್ತೀನಿ? ಮನ್ಯಾಗ ಮಲಗಿದ್ದೆ. ಚಲೋ ನಿದ್ದಿ ಹತ್ತಿತ್ತು."

ಕನಸೂ ಬಿದ್ದಿರಲಿಲ್ಲವಂತೆ.

ಆ ನೌಕರಿ ನನಗೆ ಸಿಗಲಿಲ್ಲ. ಜೊತೆಯ ನರ್ಸುಗಳು ಎಲ್ಲ ಕಾಕತಾಳೀಯ ಅಂತಾರೆ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಬೇಕಾದಷ್ಟು, ನಿಜ. ನನ್ನನ್ನೇ ಯಾಕೆ ತೋರಿಸಿದಳು, ನಾಲ್ಕು ಗಂಟೆಯೇ ಯಾಕೆ ಅಂದರೆ ಮಾತು ಬದಲಿಸುತ್ತಾರೆ.

ಉತ್ತರ ಇದ್ದದ್ದು ಮಾವನ ಹತ್ತಿರ ಮಾತ್ರ. "ದೇವ್ರು ಕಾಯ್ದಾನ. ಇನ್ನ ಸಾಕು, ಒಬ್ಬಾಕಿ ಹೋಗಬ್ಯಾಡ."

ನಾನು ಒಪ್ಪಲಿಲ್ಲ. ಆಮೇಲೆ ಐದು ಸಲ ಹಾಗೆಯೇ ಮಲಗಿದ್ದೇನೆ, ಒಬ್ಬಳೇ. ಯಾರೂ ಬಂದಿಲ್ಲ. ಅವತ್ತು ಬಂದವಳು ಯಾರೋ, ಹೇಗೋ, ನನಗೆ ಗೊತ್ತಿಲ್ಲ. ಮಾವನಿಗೆ ಮಾತ್ರ ಅವನು ಹಾಗಂದ ದಿನವೇ ಹೇಳಿಬಿಟ್ಟೆ:

"ಬಂದಾಕಿ ನನ್ನನ್ನ ಮನಿಗೆ ಕರಕೊಂಡು ಹೋಗಾಕ ಬಂದಿರಲಿಲ್ಲ, ಮಾವ. ವಿಮಾನಕ್ಕ ಎಬ್ಬಸಾಕ ಬಂದಿದ್ದಳು."