ಬೋರಲು ಹಾಕಿದ ಮೀನಿನ ಗಡಿಗೆ

ಮೈಲೂರಿನ ರಸ್ತೆ ಬದಿ ಇವತ್ತು ಮೀನು ಮಾರುವವಳು, "ಹೊಟ್ಟಿ ತುಂಬ ತತ್ತಿ ಅವ ನೋಡ್ರಿ, ಒಯ್ರಿ" ಎಂದಳು. ಆ ಹಸಿ ವಾಸನೆ ನನ್ನನ್ನು ಸೀದಾ ಸಾಯಗಾಂವಕ್ಕೆ, ನಮ್ಮಜ್ಜಿಯ ಅಡುಗೆಮನೆಗೆ ಎಳೆದೊಯ್ದಿತು.

ಮೊದಲ ಮಳೆಗೆ ಮಾಂಜ್ರಾ ನದಿಯ ಮೀನುಗಳು ತತ್ತಿಯಿಡಲು ನಮ್ಮ ಹಳ್ಳಕ್ಕೆ ಏರಿ ಬರುತ್ತಿದ್ದವು. ಅವುಗಳ ಹಿಂದೆಯೇ ಕೊಕ್ಕರೆಗಳು. ಮೀನೆಂದರೆ ಜೀವ ಬಿಡುವ ಅಜ್ಜಿ ಅವತ್ತೇ ಮೀನಿನ ಗಡಿಗೆಯನ್ನು ಬೂದಿ ಹಚ್ಚಿ ತೊಳೆದು ಬೋರಲು ಹಾಕುತ್ತಿದ್ದಳು. ತತ್ತಿಯ ಕಾಲ ಮುಗಿದು ಕೊಕ್ಕರೆಗಳು ಹಳ್ಳ ಬಿಟ್ಟು ಹೋಗುವವರೆಗೆ ಅದು ಒಲೆ ಏರುತ್ತಿರಲಿಲ್ಲ.

ಒಮ್ಮೆ ಕಾಕಾ ಬಲೆ ತುಂಬ ಮೀನು ತಂದು ಅಂಗಳದಲ್ಲಿ ಸುರಿದ. ಇನ್ನೂ ಮಿಸುಕುತ್ತಿದ್ದವು.

"ಕೊಕ್ಕರಿ ತಿಂದ್ರ ನಡೀತದ, ನಾವು ತಿಂದ್ರ ಯಾಕ ನಡ್ಯಂಗಿಲ್ಲ?" ಎಂದು ಜಗಳಕ್ಕೆ ನಿಂತ.

"ಕೊಕ್ಕರಿ ಒಂದೊಂದೇ ಹೆಕ್ಕತದ. ನೀ ಹಳ್ಳಾನೇ ಬಳಕೊಂಡು ಬಂದಿ!"

ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಮೀನುಗಳನ್ನು ನೀರು ತುಂಬಿದ ಕೊಡಕ್ಕೆ ಹಾಕಿ, ಊರೆಲ್ಲ ನಗುತ್ತಿದ್ದರೂ ಹೊತ್ತೊಯ್ದು ಹಳ್ಳಕ್ಕೆ ಬಿಟ್ಟು ಬಂದಳು.

ಇವತ್ತು ನಾನು ಬರಿಗೈಲಿ ಮನೆಗೆ ಬಂದೆ. "ನೀ ಒಬ್ಬಾಕಿ ಬಿಟ್ರ ಏನಾಗ್ತದ?" ಎಂದರು ನಮ್ಮನೆಯವರು.

ಗಡಿಗೆ ತೊಳೆದು ಬೋರಲು ಹಾಕಿದ್ದೇನೆ. ಯಾರು ಎತ್ತುತ್ತಾರೋ ಎತ್ತಲಿ, ನೋಡುತ್ತೇನೆ.