ಟಾರ್ಚಣ್ಣ ನೋಡದೆ ಬಿಟ್ಟ ಅರ್ಧ

ಟಾರ್ಚಣ್ಣ ಸೋಮವಾರ ಸಂಜೆ ತೀರಿಕೊಂಡ. ಮನೆಗೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ. ಕೊನೆಯ ಸ್ಟಾಪ್ ಬಂದರೂ ಏಳಲಿಲ್ಲವೆಂದು ಕಂಡಕ್ಟರ್ ಭುಜ ಅಲುಗಿಸಿ ನೋಡಿದನಂತೆ. ಹೃದಯ ನಿಂತಿತ್ತು ಎಂದರು ಡಾಕ್ಟರು. ವಯಸ್ಸು ಅರವತ್ತೊಂದು. ಅವನ ಅಕ್ಕ ರೈಲಿನಲ್ಲಿ ಒಂದು ದಿನದಷ್ಟು ದೂರದಲ್ಲಿದ್ದಾರೆ. ಹಾಗಾಗಿ ಆಸ್ಪತ್ರೆಗೆ ಮೊದಲು ಹೋದದ್ದು ನಾನು.

ಅವನ ಕೆಲಸವೇನೆಂದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ದೊಡ್ಡ ಕಂಪನಿಗಳು ಸ್ವಂತಕ್ಕೆ ವಿಮಾನ ಕೊಳ್ಳುತ್ತವೆ. ಹದಿನಾಲ್ಕು ಜನ ಕೂರುವಂಥದ್ದು, ಒಳಗೆ ತಲೆ ತಗ್ಗಿಸದೆ ಓಡಾಡಬಹುದಾದದ್ದು, ಎಲ್ಲೂ ಇಳಿಯದೆ ಹದಿಮೂರು ಗಂಟೆ ಹಾರುವಂಥದ್ದು. ಹೆಚ್ಚಿನವು ಇನ್ನೊಬ್ಬರು ವರ್ಷಗಟ್ಟಲೆ ಹಾರಿಸಿ ಮಾರುವ ವಿಮಾನಗಳು. ಕೊಳ್ಳುವವರ ಪರವಾಗಿ ಅದನ್ನು ಮೂಗಿನಿಂದ ಬಾಲದವರೆಗೆ ಪರೀಕ್ಷಿಸಿ, ತೆಗೆದುಕೊಳ್ಳಬಹುದೋ ಇಲ್ಲವೋ ಎಂದು ವರದಿ ಬರೆಯುವುದು ಅವನ ಕೆಲಸ. ಯಾರಾದರೂ ಕೇಳಿದರೆ, "ಬಾಡಿಗೆ ಮನೆ ನೋಡೋಕೆ ಹೋದಾಗ ನಲ್ಲಿ ತಿರುಗಿಸಿ ನೋಡ್ತೀವಲ್ಲ, ಅದೇ. ಇಲ್ಲಿ ನಲ್ಲಿ ಸ್ವಲ್ಪ ಜಾಸ್ತಿ" ಅನ್ನುತ್ತಿದ್ದ. ಅವನು ಪರೀಕ್ಷೆ ನಡೆಸುತ್ತಿದ್ದ ಹ್ಯಾಂಗರಿನ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನ, ಹಿಂದಿನ ಕೋಣೆಯಲ್ಲಿ ವಿಮಾನಗಳ ಹಳೆಯ ದಾಖಲೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಜೊತೆಗಿದ್ದೆವು.

ಎದೆಯ ಜೇಬಿನಲ್ಲಿ ಬೆರಳುದ್ದದ ಟಾರ್ಚ್ ಯಾವಾಗಲೂ ಇರುತ್ತಿತ್ತು. ಅಕ್ಕನ ಮಗಳ ಮದುವೆ ಫೋಟೋದಲ್ಲೂ ಕೋಟಿನ ಜೇಬಿನಿಂದ ಅದು ಇಣುಕುತ್ತದೆ. ಹೆಸರು ಹಾಗೆ ಬಂತು.

ಅವನಿಗೂ ಮದುವೆಯಾಗಿತ್ತು, ನಾಲ್ಕು ವರ್ಷ. ಹೆಂಡತಿ ಜಗಳವಾಡಿ ಹೋದವಳಲ್ಲ. "ನೀವು ಮನೇಲಿದ್ರೂ ಇದ್ದ ಹಾಗಿರಲ್ಲ" ಎಂದು ಹೇಳಿ ಹೋದಳಂತೆ. ಒಮ್ಮೆ ಮಾತ್ರ ಅದನ್ನು ನನಗೆ ಹೇಳಿದ, ವರದಿಯ ಒಂದು ಸಾಲನ್ನು ಓದುವ ದನಿಯಲ್ಲಿ. ಆಮೇಲೆ ಒಂದೇ ಕೋಣೆಯ ಮನೆ, ಮಡಚುವ ಕುರ್ಚಿ ಎರಡು. ಎರಡನೆಯದರ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆ ಇರುತ್ತಿತ್ತು. ನಾನು ಹೋದಾಗ ಅದನ್ನೆತ್ತಿ ಮಂಚದ ಮೇಲೆ ಹಾಕುತ್ತಿದ್ದ.

ವಿಮಾನದೊಳಗೆ ಮಾತ್ರ ಅವನಿಗೆ ಹದಿನಾಲ್ಕು ಕುರ್ಚಿ. ಪ್ರತಿಯೊಂದರಲ್ಲೂ ಕೂತು ಒರಗಿ, ತಿರುಗಿಸಿ ನೋಡುತ್ತಿದ್ದ. ಹಿಂಬದಿಯ ಮಲಗುವ ಕೋಣೆಯಲ್ಲಿ ಶೂ ಬಿಚ್ಚಿ ಮಲಗಿ, ಎಲ್ಲಾದರೂ ಗಾಳಿ ಶಿಳ್ಳೆ ಹಾಕುತ್ತದೆಯೇ ಎಂದು ಕಿವಿಗೊಡುತ್ತಿದ್ದ. ಓವನ್ ಪರೀಕ್ಷೆಗೆ ತನ್ನ ಬುತ್ತಿಯನ್ನೇ ಇಟ್ಟು ಬಿಸಿ ಮಾಡಿಕೊಳ್ಳುತ್ತಿದ್ದ. ಪರೀಕ್ಷಾ ಹಾರಾಟದಲ್ಲಿ ಕ್ಯಾಬಿನ್ ಫೋನಿನಿಂದ ಹತ್ತು ನಿಮಿಷ ಎಡೆಬಿಡದೆ ಮಾತಾಡಬೇಕು, ಮಧ್ಯೆ ಕಡಿಯಬಾರದು. ಅವನು ಅಕ್ಕನಿಗೆ ಫೋನ್ ಮಾಡುತ್ತಿದ್ದ.

"ಎಲ್ಲಿದ್ದೀಯೋ?"

"ಮೋಡದ ಮೇಲೆ."

"ಊಟ ಆಯ್ತಾ?"

"ಆಯ್ತು."

"ಮತ್ತೆ?"

"ಏನಿಲ್ಲ ಅಕ್ಕ. ಇನ್ನೂ ಎಂಟು ನಿಮಿಷ ಮಾತಾಡ್ಬೇಕು."

ಮೊನ್ನೆ ಅಕ್ಕ ಇದನ್ನು ಹೇಳಿ, ನಕ್ಕು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಎಂಟು ನಿಮಿಷ ತುಂಬಿಸಲು ಪಕ್ಕದ ಮನೆಯ ಬೆಕ್ಕಿನ ಕಥೆಯನ್ನೆಲ್ಲ ಹೇಳುತ್ತಿದ್ದರಂತೆ.

ವರ್ಷದ ಆರಂಭದಲ್ಲಿ ಒಂದು ಬಟ್ಟೆ ಕಂಪನಿಯವರು ಹತ್ತೊಂಬತ್ತು ವರ್ಷದ ವಿಮಾನವೊಂದನ್ನು ಕೊಳ್ಳಲು ಹೊರಟರು. ಹನ್ನೊಂದು ದಿನ ಪರೀಕ್ಷೆ ನಡೆಯಿತು. ಎಂಜಿನ್ ಚೆನ್ನಾಗಿತ್ತು, ಚಕ್ರಗಳು ಚೆನ್ನಾಗಿದ್ದವು, ಹದಿಮೂರು ಗಂಟೆಯ ಮಾತೂ ಸುಳ್ಳಲ್ಲ. ಕೊನೆಗೆ ಮುಂಭಾಗದ ಪುಟ್ಟ ಅಡುಗೆಮನೆಯನ್ನು ಪೂರ್ತಿ ಕಳಚಿಸಿ, ಅದರಡಿಯ ನೆಲದ ಹಲಗೆ ಎತ್ತಿಸಿದ. ವರ್ಷಾನುಗಟ್ಟಲೆ ಚೆಲ್ಲಿದ ಕಾಫಿ, ಹಣ್ಣಿನ ರಸ, ಐಸಿನ ನೀರು ಇಳಿಯುವುದು ಅಲ್ಲಿಗೇ. ಅಲ್ಯೂಮಿನಿಯಂ ತೊಲೆಯ ಆಚೆಯ ಅರ್ಧ ಉಪ್ಪಿನಂಥ ಬಿಳಿ ಪುಡಿಯಾಗಿತ್ತು. ಉಗುರು ತಾಗಿಸಿದರೆ ಪದರ ಪದರವಾಗಿ ಏಳುತ್ತಿತ್ತು.

ಅವತ್ತು ಮಧ್ಯಾಹ್ನ ನನ್ನ ಕೋಣೆಗೆ ಬಂದು ಆ ವಿಮಾನದ ಹಳೆಯ ತಪಾಸಣೆ ಕಾರ್ಡ್ ಕೇಳಿದ. ಹನ್ನೊಂದು ವರ್ಷದ ಹಿಂದೆ ನಮ್ಮಲ್ಲೇ ತಪಾಸಣೆಯಾದಾಗಿನ ಕಾರ್ಡು. "ಅಡುಗೆಮನೆಯ ಕೆಳಗಿನ ತೊಲೆಗಳು: ನೋಡಲಾಗಿದೆ, ಸುಸ್ಥಿತಿ." ಕೆಳಗೆ ಅವನದೇ ಸಹಿ.

ಆಗ ಹೇಗೆ ನೋಡುತ್ತಿದ್ದರೆಂದು ಹ್ಯಾಂಗರಿನಲ್ಲಿ ಎಲ್ಲರಿಗೂ ಗೊತ್ತು. ಅಡುಗೆಮನೆ ಕಳಚಲು ಎರಡು ದಿನ ಬೇಕು, ವಿಮಾನ ಮರುದಿನವೇ ಹೊರಡಬೇಕು. ಪಕ್ಕದ ಕಿಂಡಿಯಿಂದ ಕೋಲಿಗೆ ಕಟ್ಟಿದ ಸಣ್ಣ ಕನ್ನಡಿ ತೂರಿಸಿ ನೋಡುತ್ತಿದ್ದರು. ಕನ್ನಡಿಗೆ ಈಚೆಯ ಅರ್ಧ ಮಾತ್ರ ಕಾಣುತ್ತದೆ. ಸಹಿ ಇಡೀ ತೊಲೆಗೆ ಬೀಳುತ್ತಿತ್ತು.

"ಎಷ್ಟು ವಿಮಾನ ಹೀಗೆ ನೋಡಿದ್ದೀನಿ, ತೆಗೆದು ಹೇಳು," ಅಂದ.

ತೆಗೆದೆ. ಇದನ್ನು ಬಿಟ್ಟು ಐದು.

ತುಕ್ಕು ಸಿಕ್ಕಿದೆ ಎಂದಷ್ಟೇ ಬರೆದರೆ ಅವನ ಕೆಲಸ ಮುಗಿಯುತ್ತಿತ್ತು. ಹಿಂದೆ ಅರ್ಧ ನೋಡಿ ಪೂರ್ತಿಗೆ ಸಹಿ ಹಾಕಿದ್ದೆ ಎಂದು ಬರೆದರೆ ಸಹಿ ಹಾಕುವ ಹಕ್ಕೇ ಹೋಗುತ್ತಿತ್ತು. ಆ ಹಕ್ಕು ಬಿಟ್ಟರೆ ಅವನಿಗೆ ಬೇರೆ ಏನಿತ್ತು ಎಂದು ನಾನು ಹೇಳಲಾರೆ.

ಮಾರಾಟ ಮಾಡಿಸುತ್ತಿದ್ದ ದಲ್ಲಾಳಿ ನನ್ನ ಮೇಜಿನ ಮೇಲೆಯೇ ಕೂತು ಹೇಳಿದ: "ಅಣ್ಣ, ತುಕ್ಕು ಅಂತ ಬರೀರಿ, ರೇಟು ಇಳಿಸ್ತೀನಿ, ಎಲ್ಲರಿಗೂ ಸಂತೋಷ. ಹನ್ನೊಂದು ವರ್ಷದ ಹಿಂದಿನ ಕಾರ್ಡು ಯಾರು ಕೇಳ್ತಾರೆ? ನಿಮಗೇನು ತಲೆ ಕೆಟ್ಟಿದ್ಯಾ?"

"ಐದು ಇನ್ನೂ ಹಾರ್ತಾ ಇರಬಹುದು ಕಣ್ರೀ."

"ಹಾರ್ತಾ ಇದ್ರೆ ಚೆನ್ನಾಗಿದೆ ಅಂತ ತಾನೆ?"

"ಇದೂ ಹೋದ ವಾರದ ತನಕ ಹಾರ್ತಾ ಇತ್ತು," ಅಂದ ಟಾರ್ಚಣ್ಣ.

ನಾನೂ ಬರೆಯಬೇಡ ಎಂದೆ. ನಾನು ಹಾಗೆಂದದ್ದನ್ನು ಮುಚ್ಚಿಟ್ಟು ಅವನ ಬಗ್ಗೆ ಇದನ್ನು ಬರೆಯಲಾರೆ. "ಐದೂ ಕಡೆಗೆ ಒಂದೊಂದು ಫೋನ್ ಮಾಡಿ ನೋಡ್ಕೊಳ್ಳಿ ಅಂದ್ರೆ ಸಾಲದಾ?" ಎಂದು ಕೇಳಿದೆ.

"ಯಾಕೆ ನೋಡ್ಬೇಕು ಅಂತಾರಲ್ಲ, ಆಗ?"

ವರದಿಯ ಒಂಬತ್ತನೇ ಪುಟದಲ್ಲಿ ಮೂರು ಸಾಲು ಬರೆದ. ಯಾರ ಆತುರವನ್ನೂ ಹೆಸರಿಸಲಿಲ್ಲ, ಕನ್ನಡಿಯನ್ನೂ ದೂರಲಿಲ್ಲ.

ಬಟ್ಟೆ ಕಂಪನಿಯವರು ವಿಮಾನ ಬೇಡವೆಂದರು. ದಲ್ಲಾಳಿ ಎದುರು ಸಿಕ್ಕರೆ ಫೋನ್ ನೋಡತೊಡಗಿದ. ವಿಚಾರಣೆ ಮುಗಿಯುವ ತನಕ ಸಹಿ ಹಾಕುವಂತಿಲ್ಲ ಎಂದು ಪತ್ರ ಬಂತು. ಗೇಟಿನ ಕಾರ್ಡ್ ವಾಪಸ್ ತೆಗೆದುಕೊಂಡರು. ಮೂವತ್ತು ವರ್ಷ ಹಾದುಹೋದ ಗೇಟಿನಲ್ಲಿ ದಿನಾ ಸಂದರ್ಶಕರ ಚೀಟಿ ಬರೆಸಿ ಒಳಗೆ ಬರುತ್ತಿದ್ದ. "ಯಾರನ್ನು ನೋಡ್ಬೇಕು" ಎನ್ನುವ ಕಡೆ ನನ್ನ ಹೆಸರು. ಮಧ್ಯಾಹ್ನ ನನ್ನೆದುರು ಬುತ್ತಿ ಬಿಚ್ಚಿ, "ಆ ಐದರ ಪತ್ತೆ ಸಿಕ್ತಾ?" ಎಂದು ಕೇಳುತ್ತಿದ್ದ. ಹ್ಯಾಂಗರಿನ ಕಡೆ ಹೋಗುತ್ತಿರಲಿಲ್ಲ. ಅಲ್ಲಿಯವರು ಕೆಟ್ಟದಾಗಿ ನಡೆದುಕೊಂಡರೆಂದಲ್ಲ. ಅವನನ್ನು ಕಂಡರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಅವರಲ್ಲೂ ಕನ್ನಡಿ ತೂರಿಸಿದವರಿದ್ದರು.

ಐದರಲ್ಲಿ ಒಂದು ಗುಜರಿಗೆ ಹೋಗಿತ್ತು. ಎರಡರ ತೊಲೆಗಳನ್ನು ಈಗಾಗಲೇ ಬದಲಿಸಿದ್ದರು. ನಾಲ್ಕನೆಯದು ಅವನ ಪತ್ರ ಸಿಕ್ಕ ಮೇಲೆ ನೆಲ ತೆರೆಸಿಕೊಂಡು, ತಿಂಗಳುಗಟ್ಟಲೆ ದುರಸ್ತಿಗೆ ನಿಂತಿತು. ಅಲ್ಲಿಂದ ಒಂದೇ ಸಾಲಿನ ಉತ್ತರ: "ತಿಳಿಸಿದ್ದಕ್ಕೆ ವಂದನೆ." ಅದನ್ನು ಎರಡು ಸಲ ಓದಿ ನನಗೆ ವಾಪಸ್ ಕೊಟ್ಟ, ಫೈಲಿಗೆ ಹಾಕು ಎಂದು. ಐದನೆಯದು ಮೂರು ಕೈ ಬದಲಾಗಿ, ನೋಂದಣಿ ಸಂಖ್ಯೆಯೂ ಬದಲಾಗಿತ್ತು. ಅದರ ಜಾಡು ಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು. ನೋಡಿದರೆ, ಹೊಸ ಅಡುಗೆಮನೆ ಕೂರಿಸಲು ಅದು ನಮ್ಮಲ್ಲಿಗೇ ಬರುವುದಿತ್ತು.

ವಿಮಾನ ಶುಕ್ರವಾರ ಬಂತು. ಅದರ ಜೊತೆ ಬಂದ ಮೆಕ್ಯಾನಿಕ್ ನಲವತ್ತು ದಾಟಿದ ಹೆಂಗಸು. ಮುಂದಿನದನ್ನು ನನಗೆ ಹೇಳಿದವರು ಅವರೇ. ಆ ಸೋಮವಾರ ಹಳೆಯ ಅಡುಗೆಮನೆ ಆಗಲೇ ಹೊರಗಿತ್ತು. ಟಾರ್ಚಣ್ಣ ಬಾಗಿಲಲ್ಲಿ ನಿಂತು, ತಾನು ಯಾರು, ಏನು ಮಾಡಿದ್ದೆ ಎಂದು ಪೂರ್ತಿ ಹೇಳಿ, ನೋಡಬಹುದೇ ಎಂದು ಕೇಳಿದನಂತೆ.

"ಸಹಿ ನಾನು ಹಾಕ್ತೀನಿ ಸಾರ್. ಸ್ಕ್ರೂ ನೀವೇ ಬಿಚ್ಚಿ," ಅಂದರಂತೆ ಅವರು.

ಬಿಚ್ಚಿ, ಸ್ಕ್ರೂಗಳನ್ನು ಬಂದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿದ. ಹೊಟ್ಟೆ ಮೇಲೆ ಮಲಗಿ ತೊಲೆಯ ಈ ತುದಿಯಿಂದ ಆ ತುದಿಗೆ ನೋಡಿದ, ಬೆರಳಾಡಿಸಿದ. ಚೆನ್ನಾಗಿತ್ತು. ಆಚೆಯ ಅರ್ಧವೂ.

"ಸರಿ, ಕೊಡಿ ಕಾರ್ಡು," ಎಂದು ಅವರು ಪೆನ್ನು ತೆಗೆದರು.

"ನೀವಿನ್ನೂ ನೋಡಿಲ್ಲ."

"ನೀವು ನೋಡಿದ್ರಲ್ಲ ಸಾರ್."

"ನಾನು ನೋಡಿದ್ದಕ್ಕೆ ನೀವು ಹ್ಯಾಗಮ್ಮ ಸಹಿ ಹಾಕ್ತೀರಿ?"

ಒಗೆದ ಸಮವಸ್ತ್ರದಲ್ಲೇ ಅವರೂ ಮಲಗಿ ನೋಡಿದರು. ಆಮೇಲೆ ಸಹಿ ಹಾಕಿದರು. ಅವನು ಹಲಗೆ ಮುಚ್ಚಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಎದ್ದು ಸಂಜೆಯ ಬಸ್ಸಿಗೆ ಹೊರಡುವ ಮುಂಚೆ ಮತ್ತೆ ಬಗ್ಗಿ, ಇಬ್ಬರೂ ಮಲಗಿದ್ದ ಕಡೆ ಕಾರ್ಪೆಟ್ಟಿನ ಮೇಲೆ ಅಂಗೈ ಆಡಿಸಿ, ಗುರುತು ಉಳಿಯದ ಹಾಗೆ ಅದರ ನೂಲನ್ನು ಒಂದೇ ದಿಕ್ಕಿಗೆ ಸವರಿದ.